ಜೋಪಾನ, ಸೂಕ್ಷ್ಮ ಯಂತ್ರವಿದೆ

ಆ ಶನಿವಾರ ಬೆಳಿಗ್ಗೆ ಓರೆಸ್ಟ್ ಪನಾಸ್ಯುಕ್ ಒಂದು ಚೀಟಿ ಬರೆಯದೆ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಓಟ್ಸ್ ಡಬ್ಬಿಯ ರಟ್ಟನ್ನು ಕತ್ತರಿಸಿ, ಅದರ ಬೆನ್ನಿಗೆ ಕೆಂಪು ಶಾಯಿಯಲ್ಲಿ ‘ದಯವಿಟ್ಟು ಜೋಪಾನ, ಸೂಕ್ಷ್ಮ ಯಂತ್ರವಿದೆ’ ಎಂದು ಬರೆದು, ಬ್ಯಾಜರ್‌ವುಡ್ ಊರಿನ ಕರ್ಲಿಂಗ್ ಕ್ಲಬ್ಬಿನ ಮೂರನೆಯ ಐಸ್ ಪಟ್ಟಿಯ ತುದಿಯ ಹಲಗೆಗೆ ಅಂಟಿಸಿದ. ಐಸ್ ನೋಡಿಕೊಳ್ಳುವ ಲೈಲ್‌ಗೆ ತನ್ನ ಗಾಡಿಯನ್ನು ಆ ಹಲಗೆಗೆ ಒತ್ತರಿಸಿ ನಿಲ್ಲಿಸುವ ಅಭ್ಯಾಸ. ಚೀಟಿ ಅವನೊಬ್ಬನಿಗೆ. ಆದರೆ ಲೈಲ್ ಓದುವ ಮೊದಲೇ ಊರೆಲ್ಲ ಅದನ್ನು ಓದಿತು.

ಓರೆಸ್ಟ್ ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಚಳಿಗಾಲವೆಲ್ಲ ಕ್ಲಬ್ಬಿನಲ್ಲಿ ಕುಳಿತು ಕರ್ಲಿಂಗ್ ಆಟದ ಒಂದೇ ಸದ್ದು ಕೇಳಿದ್ದ. ಇಪ್ಪತ್ತು ಕಿಲೋದ ಗ್ರಾನೈಟ್ ಕಲ್ಲುಗಳು ಐಸ್ ಮೇಲೆ ಜಾರಿ ಬರುತ್ತವೆ, ದೂರದ ತುದಿಯಲ್ಲಿ ಗುರಿಗೆಂದು ಬರೆದ ವೃತ್ತದಲ್ಲಿ ಕೂತ ಕಲ್ಲುಗಳಿಗೆ ಡಿಕ್ಕಿ ಹೊಡೆಯುತ್ತವೆ, ಜೋರು ಹೆಚ್ಚಾದದ್ದು ಹಿಂದಿನ ಹಲಗೆಗೆ ಧಡ್ ಎಂದು ಗುದ್ದಿ ನಿಲ್ಲುತ್ತದೆ. ಇಷ್ಟೊಂದು ಗುದ್ದು ಸುಮ್ಮನೆ ಹಾಳಾಗುತ್ತಿದೆಯಲ್ಲ ಎಂದು ಅವನ ಕರುಳು ಚುರುಕ್ ಎನ್ನುತ್ತಿತ್ತು. ಕೊನೆಗೆ ಹಲಗೆಯ ಹಿಂದೆ ಸ್ಪ್ರಿಂಗುಗಳನ್ನು ಕೂರಿಸಿದ. ಕಲ್ಲು ಗುದ್ದಿದಾಗಲೆಲ್ಲ ಆಯಸ್ಕಾಂತಗಳು ತಂತಿಯ ಸುರುಳಿಯೊಳಗೆ ಹೋಗಿ ಬರಬೇಕು, ಹುಟ್ಟಿದ ವಿದ್ಯುತ್ತು ಪಕ್ಕದ ತಗಡಿನ ಪೆಟ್ಟಿಗೆಯಲ್ಲಿ ಕೂಡಿಕೊಳ್ಳಬೇಕು. ಪೆಟ್ಟಿಗೆಯ ಮೇಲೊಂದು ಮುಳ್ಳು. ಅದು ಕೆಂಪು ಗೆರೆ ಮುಟ್ಟಿದರೆ ಮಹಡಿಯ ಹಾಲ್‌ನಲ್ಲಿರುವ ದೀಪ ಉರಿಯಲು ಬೇಕಾದಷ್ಟು ವಿದ್ಯುತ್ತು ಸೇರಿತು ಎಂದರ್ಥ. ಯಾರಾದರೂ ಕದ್ದುಬಿಟ್ಟಾರೆಂದು ಈ ವಿವರವನ್ನೆಲ್ಲ ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. “ಕಲ್ಲಿನಿಂದ ದೀಪ ಹಚ್ತೀನಿ” ಎಂದಷ್ಟೇ ಹೇಳಿದ್ದ.

ಅಂದು ಊರಿನ ವಾರ್ಷಿಕ ಪಂದ್ಯ. ಜೊತೆಗೆ ಅಡುಗೆಮನೆಯ ಒಡತಿ ಇರ್ಮಾ ಫೊಸ್ಸಮ್ ಒಂದು ಗಡುವು ಇಟ್ಟಿದ್ದಳು. ಐಸ್ ಯಂತ್ರದ ಕೋಣೆಯಲ್ಲಿ ಓರೆಸ್ಟನದೊಂದು ಮೂಲೆಯಿತ್ತು; ಒಂದು ಮೇಜು, ಒಂದು ಸ್ಟೂಲು, ಹನ್ನೊಂದು ವರ್ಷದ ತಂತಿ, ತಿರುಪು, ತುಕ್ಕು. ಭೂಮಿಯ ಮೇಲೆ ಅವನು ನಿಜವಾಗಿ ಸುಖವಾಗಿದ್ದ ಜಾಗ ಅದೊಂದೇ.

“ನೋಡು ಓರೆಸ್ಟ್, ಹಿಮ ಗೋರೋ ಸೈಕಲ್ ಮಾಡ್ದೆ, ಅದು ಪಾದ್ರಿಗಳ ಬೇಲಿ ಗೋರ್ಕೊಂಡು ಹೋಯ್ತು. ತಾನಾಗೇ ಸುರಿಯೋ ಕಾಫಿ ಪಾತ್ರೆ ಮಾಡ್ದೆ, ಸುರಿಯೋಕೆ ಕಲಿತ್ಕೊಂಡು ನಿಲ್ಲಿಸೋದನ್ನ ಮರೀತು. ನನಗೆ ಫ್ರೀಜರ್ ಇಡೋಕೆ ಜಾಗ ಇಲ್ಲ. ಇವತ್ತು ಬಹುಮಾನ ಕೊಟ್ಟು ಮುಗಿಯೋವರೆಗೂ ನಿನ್ನ ದೀಪ ಉರಿದ್ರೆ ಆ ಮೂಲೆ ನಿಂದೇ, ನಾನು ಬಾಯಿ ತೆಗೆಯಲ್ಲ. ಉರೀಲಿಲ್ವೋ, ಸಂಜೆ ಆರಕ್ಕೆ ನಿನ್ನ ಗುಜರಿ ಆಚೆ, ನನ್ನ ಫ್ರೀಜರ್ ಒಳಗೆ.”

“ಆಗ್ಲಿ,” ಎಂದಿದ್ದ ಓರೆಸ್ಟ್. ಒಂದು ಪಂದ್ಯದಲ್ಲಿ ಹಲಗೆಗೆ ಎಷ್ಟು ಕಲ್ಲು ಬೀಳುತ್ತವೆ ಎಂದು ಹೋದ ತಿಂಗಳೇ ಎಣಿಸಿದ್ದ. ಅವನಿಗೆ ಧೈರ್ಯವಿತ್ತು.

ಒಂಬತ್ತಕ್ಕೆ ಆಟ ಶುರುವಾಯಿತು. ಓರೆಸ್ಟ್ ಹಲಗೆಯ ಹಿಂದೆ, ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕೂತ. ಮೊದಲ ಕಲ್ಲು ವೃತ್ತ ದಾಟಿ ಹಲಗೆಯ ಕಡೆಗೆ ಬಂತು. ಓರೆಸ್ಟ್ ಉಸಿರು ಬಿಗಿಹಿಡಿದ. ವೆಂಡೆಲ್ ಕ್ರಾಕರ್ ಓಡಿಬಂದು ಕಲ್ಲಿನ ಮುಂದೆ ಐಸ್ ಉಜ್ಜುವ ತನ್ನ ಪೊರಕೆಯನ್ನು ಅಡ್ಡ ಹಿಡಿದು, ಕಲ್ಲನ್ನು ಹಲಗೆಗೆ ಒಂದು ಗೇಣು ಇರುವಾಗ ನಿಲ್ಲಿಸಿದ.

ವೆಂಡೆಲ್ ಓರೆಸ್ಟನ ಪಕ್ಕದ ಮನೆಯವನು, ಕ್ಲಬ್ಬಿನ ಅಧ್ಯಕ್ಷ, ಎಪ್ಪತ್ತರ ಹತ್ತಿರದವನು. ಅವನು ಹೆಬ್ಬೆರಳು ಎತ್ತಿ ತೋರಿಸಿದ. “ಚೀಟಿ ಓದ್ದೆ ಕಣೋ! ನಿನ್ನ ಯಂತ್ರಕ್ಕೆ ಒಂದು ಗೀರೂ ಬೀಳಲ್ಲ. ನಾನಿದೀನಿ.”

ಎರಡನೆಯ ಕಲ್ಲನ್ನು ಒಬ್ಬ ಹೆಂಗಸು ನಿಲ್ಲಿಸಿದಳು. ಮೂರನೆಯದನ್ನು ಇಬ್ಬರು ಸೇರಿ. ಅರ್ಧ ಗಂಟೆಯಾಗುವಷ್ಟರಲ್ಲಿ ಮೂರನೆಯ ಪಟ್ಟಿಯಲ್ಲಿ ಆಡುವವರೆಲ್ಲ ಮಲಗಿದ ಕೂಸಿನ ಪಕ್ಕದಲ್ಲಿ ನಡೆಯುವ ಹಾಗೆ ಆಡತೊಡಗಿದರು. ಮುಳ್ಳು ಸೊನ್ನೆಯ ಮೇಲೆ ನಿದ್ದೆ ಹೋಗಿತ್ತು.

ಓರೆಸ್ಟ್ ವೆಂಡೆಲನ ತೋಳು ಹಿಡಿದು ಪಕ್ಕಕ್ಕೆ ಕರೆದ. “ತಾಗ್ಲಿ ಬಿಡೋ, ಪರವಾಗಿಲ್ಲ.”

“ಛೇ ಛೇ.”

“ಅಲ್ಲ ವೆಂಡೆಲ್, ಗುದ್ದಬೇಕು. ಗುದ್ದಿದ್ರೇನೇ ಅದು ಕೆಲ್ಸ ಮಾಡೋದು.”

ವೆಂಡೆಲ್ ಅವನ ಬೆನ್ನು ತಟ್ಟಿ ನಕ್ಕ. “ನೀನು ಹಾಗೇ. ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ಏನಾದ್ರೂ ಹೇಳಿಬಿಡ್ತೀಯ. ಹೋದ್ಸಲ ನಿನ್ನ ಕಾಲಿನ ಮೇಲೆ ನಾನು ಟ್ರಕ್ ಹತ್ತಿಸಿದಾಗ್ಲೂ ‘ಪರವಾಗಿಲ್ಲ, ಅದು ಹಳೇ ಬೂಟು’ ಅಂದಿದ್ದೆ.”

ನಮ್ಮೂರಿನಲ್ಲಿ ‘ಪರವಾಗಿಲ್ಲ’ ಎಂದವನ ವಸ್ತುವನ್ನು ಇನ್ನೂ ಎರಡರಷ್ಟು ಜೋಪಾನ ಮಾಡುತ್ತಾರೆ. ಓರೆಸ್ಟ್ ಮೆಲ್ಲಗೆ ಹೋಗಿ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಕಾಫಿ ಕುಡಿದು ಬರುವಷ್ಟರಲ್ಲಿ ಅದೇ ಜಾಗದಲ್ಲಿ ಹೊಸ ಚೀಟಿ ಬಂದಿತ್ತು, ಇನ್ನೂ ದೊಡ್ಡ ಅಕ್ಷರದಲ್ಲಿ, ನಾಲ್ಕೂ ಮೂಲೆಗೆ ಟೇಪು ಹಚ್ಚಿ. “ನಿಂದು ಎಲ್ಲೋ ಬಿದ್ದೋಗಿತ್ತು,” ಎಂದ ಲೈಲ್. “ನಾನೇ ಬರೆದೆ. ಗಾಡಿಯನ್ನೂ ಇನ್ನು ಆಚೆ ನಿಲ್ಲಿಸ್ತೀನಿ.”

ಹತ್ತೂವರೆಗೆ ಪಕ್ಕದ ಊರಿನ ತಂಡದ ಒಂದು ಕಲ್ಲು ಕೊನೆಗೂ ತಪ್ಪಿಸಿಕೊಂಡು ಬಂದು ಧಡ್ ಎಂದು ಗುದ್ದಿತು. ಮುಳ್ಳು ಟಣಕ್ಕನೆ ಒಂದು ಮನೆ ಮೇಲೇರಿತು. ಓರೆಸ್ಟನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ಆ ತಂಡದ ನಾಲ್ವರಿಗೂ ಎದೆ ಒಡೆದ ಹಾಗಾಯಿತು. ಆಟ ಮುಗಿದದ್ದೇ ಟೋಪಿ ತೆಗೆದು ಸಾಲಾಗಿ ಬಂದರು. ಕೈಯಲ್ಲಿ ನೇರಳೆ ಬಣ್ಣದ ಸಸ್ಕಟೂನ್ ಹಣ್ಣು ತುಂಬಿ ಬೇಯಿಸಿದ ಪೈನ ದೊಡ್ಡ ಹೋಳು, ಇನ್ನೂ ಬಿಸಿ.

“ನಮ್ಮನ್ನ ಕ್ಷಮಿಸ್ಬೇಕು. ಗೊತ್ತಾಗ್ದೆ ತಾಗಿಬಿಡ್ತು.”

“ನೀವು ಬಹಳ ಚೆನ್ನಾಗಿ ತಾಗಿಸಿದ್ರಿ,” ಎಂದ ಓರೆಸ್ಟ್. ಅವರು ಅದನ್ನು ವ್ಯಂಗ್ಯವೆಂದು ತಿಳಿದು ಇನ್ನಷ್ಟು ಕೆಂಪಾಗಿ ಹೊರಟುಹೋದರು. ಅವನಿಗೆ ತಿನ್ನುವ ಮನಸ್ಸಿರಲಿಲ್ಲ. ಪೈನ ತಟ್ಟೆಯನ್ನು ಪೆಟ್ಟಿಗೆಯ ಮೇಲೆ ಓರೆಯಾಗಿ ಇಟ್ಟು, ತಲೆಯ ಮೇಲೆ ಕೈ ಹೊತ್ತು ಕೂತ.

ಹನ್ನೊಂದಕ್ಕೆ ಓರೆಸ್ಟನದೇ ತಂಡದ ಸರದಿ, ಅದೃಷ್ಟಕ್ಕೆ ಮೂರನೆಯ ಪಟ್ಟಿಯಲ್ಲೇ. ತಂಡದ ನಾಯಕಿ ಅವನ ಹೆಂಡತಿ ಸ್ಟೆಫಾ. ಎದುರು ವೆಂಡೆಲನ ತಂಡ. ಓರೆಸ್ಟ್ ಮನಸ್ಸಿನಲ್ಲೇ ನಿಶ್ಚಯ ಮಾಡಿದ: ಊರು ಗುದ್ದದಿದ್ದರೆ ಬೇಡ, ತಾನೇ ಗುದ್ದುವುದು.

ಆಟದ ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ವೆಂಡೆಲ್ ತನ್ನ ಕಲ್ಲಿನ ಮುಂದೆ ಐಸ್ ಉಜ್ಜುತ್ತಾ ಓಡುತ್ತಿದ್ದವನು ಥಟ್ಟನೆ ನಿಂತು ಕೈ ಎತ್ತಿದ. “ಪೊರಕೆ ತಾಗ್ತು. ಸುಟ್ಟ ಕಲ್ಲು.” ಆಡುವವರ ಪೊರಕೆಯೋ ಕಾಲೋ ತಾಗಿ ಆಟದಿಂದ ಹೊರಬಿದ್ದ ಕಲ್ಲಿಗೆ ಆ ಹೆಸರು. ಯಾರೂ ನೋಡಿರಲಿಲ್ಲ. ಸ್ಟೆಫಾ ಕೂಡ ನೋಡಿರಲಿಲ್ಲ, ಅವಳ ಕಣ್ಣಿಗೆ ನೊಣವೂ ತಪ್ಪುವುದಿಲ್ಲ. ಆದರೂ ವೆಂಡೆಲ್ ತನ್ನ ಕೈಯಾರೆ ಆ ಕಲ್ಲನ್ನು ಆಚೆ ಸರಿಸಿದ. ಈ ಆಟದಲ್ಲಿ ತಪ್ಪು ಹಿಡಿಯಲು ಬೇರೆಯವರಿಲ್ಲ, ಮಾಡಿದವನೇ ಹೇಳಬೇಕು. ಹೇಳಿದ ಮೇಲೆ ಅದರ ಬಗ್ಗೆ ಯಾರೂ ಚರ್ಚೆ ಮಾಡುವುದಿಲ್ಲ, ಆ ಮಾತನ್ನು ಹಿಂತೆಗೆದುಕೊಳ್ಳುವುದೂ ಇಲ್ಲ.

ಓರೆಸ್ಟನ ಸರದಿ ಬಂತು. ಸ್ಟೆಫಾ ವೃತ್ತದಲ್ಲಿ ಪೊರಕೆ ಊರಿ, “ಮೆತ್ತಗೆ, ಇಲ್ಲಿಗೆ!” ಎಂದು ಗುರಿ ತೋರಿಸಿದಳು. ಓರೆಸ್ಟ್ ಹಲ್ಲು ಕಚ್ಚಿ ಎಸೆದ. ಕಲ್ಲು ವೃತ್ತವನ್ನು ಸೀಳಿಕೊಂಡು, ತಮ್ಮದೇ ತಂಡದ ಎರಡು ಕಲ್ಲುಗಳನ್ನು ಹೊರದಬ್ಬಿ, ರೈಲಿನ ಹಾಗೆ ಹಲಗೆಯತ್ತ ಹೋಯಿತು.

“ಓರೆಸ್ಟ್! ನಾನು ನಿಂತಿರೋದು ಇಲ್ಲಿ. ನೀನು ಎಸೀತಿರೋದು ಪಕ್ಕದ ಪ್ರಾಂತ್ಯಕ್ಕೆ, ಮ್ಯಾನಿಟೋಬಾಗೆ!”

“ನಾನಿದೀನಿ!” ಎಂದು ವೆಂಡೆಲ್ ಕೂಗಿದ. ಎಪ್ಪತ್ತರ ವೆಂಡೆಲ್, ಮಂಡಿ ನೋವಿನ ವೆಂಡೆಲ್, ಕಲ್ಲಿಗಿಂತ ಮುಂದೆ ಓಡಿ, ಪೊರಕೆ ಸಾಲದೆಂದು ತಾನೇ ಅಡ್ಡ ಬಿದ್ದ. ಕಲ್ಲು ಅವನ ಬೂಟಿಗೆ ಬಡಿದು ನಿಂತಿತು. ಐಸ್ ಮೇಲೆ ಅಂಗಾತ ಮಲಗಿದ್ದಲ್ಲಿಂದಲೇ ಅವನು ಹೆಬ್ಬೆರಳು ಎತ್ತಿದ. “ಯಂತ್ರಕ್ಕೆ ಏನೂ ಆಗಿಲ್ಲ ಕಣೋ!”

ಓರೆಸ್ಟನಿಗೆ ಐಸ್ ಬಿರಿದು ತನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಎನಿಸಿತು. ಇರ್ಮಾ ಅಡುಗೆಮನೆಯಿಂದ ಹೆಪ್ಪುಗಟ್ಟಿದ ಬಟಾಣಿಯ ಚೀಲ ತಂದು, ವೆಂಡೆಲನ ಮಂಡಿಗೆ ಕಟ್ಟಿದಳು. ಏಳುವಾಗ ವೆಂಡೆಲ್ ಓರೆಸ್ಟನ ಹೆಗಲಿಗೇ ಆತುಕೊಂಡ. ಆತುಕೊಂಡು ಹೇಳಿದ: “ನೀನೇನೂ ಬೇಜಾರು ಮಾಡ್ಕೋಬೇಡ.”

ಸ್ಟೆಫಾಳ ತಂಡ ಎಂಟು ಅಂಕದ ಅಂತರದಲ್ಲಿ ಸೋತಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸುತ್ತಿನಲ್ಲೇ ಸೋತದ್ದು ಇದೇ ಮೊದಲು. ಅವಳು ಕೂಗಾಡಿದ್ದರೆ ಓರೆಸ್ಟ್ ತಡೆದುಕೊಳ್ಳುತ್ತಿದ್ದ. ಅವಳು ತನ್ನ ಕೈಗವಸುಗಳನ್ನು ನಿಧಾನವಾಗಿ ಮಡಚಿ, “ಊಟಕ್ಕೆ ಬಾ, ಎಲೆಕೋಸಿನ ಸುರುಳಿ ಆರಿಹೋಗುತ್ತೆ,” ಎಂದಷ್ಟೇ ಹೇಳಿ ಮಹಡಿ ಹತ್ತಿದಳು.

ಓರೆಸ್ಟ್ ಊಟಕ್ಕೆ ಹೋಗಲಿಲ್ಲ. ಎಲ್ಲರೂ ಮೇಲೆ ಹೋದದ್ದನ್ನು ನೋಡಿಕೊಂಡು, ಖಾಲಿ ಐಸಿಗೆ ಇಳಿದು, ಒಂದರ ಹಿಂದೊಂದು ಕಲ್ಲನ್ನು ಶಕ್ತಿಯಿದ್ದಷ್ಟು ಎಸೆದ. ಧಡ್! ಧಡ್! ಒಳಗೆ ಆಯಸ್ಕಾಂತಗಳು ಕಟಕಟ ಓಡಾಡಿದವು. ಹದಿನಾರು ಕಲ್ಲು ಎಸೆದು, ನಲವತ್ತು ಮೀಟರು ಓಡಿ, ಮುಳ್ಳು ನೋಡಿದ. ಅದು ಏರಿತ್ತು! ಮತ್ತೆ ಹದಿನಾರನ್ನೂ ತಳ್ಳಿಕೊಂಡು ಹಿಂದಕ್ಕೆ ಒಯ್ದು ಎಸೆದ. ಅರ್ಧ! ಆಮೇಲೆ ಇನ್ನೂ ಮೂರು ಸಲ ಎಸೆದ. ಮುಳ್ಳು ಅರ್ಧದಲ್ಲೇ ನಿಂತಿತ್ತು. ಹೊಡೆತಗಳು ಇನ್ನೂ ಜೋರಾದವು, ಅವನ ಅಂಗಿ ಬೆನ್ನಿಗೆ ಅಂಟಿತು, ಮುಳ್ಳು ಮಾತ್ರ ಹಟ ಹಿಡಿದ ಕತ್ತೆಯ ಹಾಗೆ ಅಲ್ಲಾಡಲಿಲ್ಲ.

ಬೆವರು ಒರೆಸಿಕೊಂಡು ತಲೆ ಎತ್ತಿದ. ಮಹಡಿಯ ಉದ್ದದ ಗಾಜಿನ ಹಿಂದೆ ಅರವತ್ತು ಮಂದಿ, ಕೈಯಲ್ಲಿ ಫೋರ್ಕು ಹಿಡಿದು, ಅವನನ್ನೇ ನೋಡುತ್ತಿದ್ದರು. ಬೆಳಗಿನ ಆಟಕ್ಕೆ ನಾಚಿ ಪಾಪ ಈ ವಯಸ್ಸಿನಲ್ಲಿ ಉಪವಾಸವಿದ್ದು ಅಭ್ಯಾಸ ಮಾಡುತ್ತಿದ್ದಾನೆ ಎಂದುಕೊಂಡಿದ್ದರು. ಯಾರೋ ಚಪ್ಪಾಳೆ ಶುರು ಮಾಡಿದರು. ಅರವತ್ತು ಮಂದಿಯೂ ತಟ್ಟಿದರು, ಮೆತ್ತಗೆ, ಅವನಿಗೆ ನೋವಾಗದ ಹಾಗೆ. ಸ್ಟೆಫಾ ಮಾತ್ರ ತಟ್ಟಲಿಲ್ಲ. ತಟ್ಟೆ ನೋಡುತ್ತಾ ಕೂತಿದ್ದಳು. ಓರೆಸ್ಟನ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು.

ನಾಲ್ಕು ಗಂಟೆಗೆ ಅವನು ತನ್ನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಮೇಜಿನ ಕೆಳಗೆ ಟ್ರ್ಯಾಕ್ಟರಿನ ಬ್ಯಾಟರಿಗೆ ಬಳಸುವ ಹಳೆಯ ಚಾರ್ಜರ್ ಇತ್ತು. ಗೋಡೆಯಲ್ಲಿ ಪ್ಲಗ್ಗಿನ ತೂತು ಇತ್ತು. ಗೋಡೆಯಾಚೆಗೇ ತಗಡಿನ ಪೆಟ್ಟಿಗೆ. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಹನ್ನೊಂದು ವರ್ಷದ ತುಕ್ಕನ್ನು ನೋಡಿದ. ಆಮೇಲೆ ಯಾರೂ ಇಲ್ಲದಾಗ ಚಾರ್ಜರಿನ ತಂತಿಯನ್ನು ಪೆಟ್ಟಿಗೆಯ ಹಿಂಬದಿಗೆ ಸಿಕ್ಕಿಸಿ, ಪ್ಲಗ್ಗನ್ನು ಗೋಡೆಗೆ ಚುಚ್ಚಿ, ಅದರ ಮುಂದೆ ಒಂದು ಬಕೆಟ್ಟು ಇಟ್ಟ. ಕ್ಲಬ್ಬಿಗೆ ಬಂದಂದಿನಿಂದ ಅವನು ಒಂದು ಅಂಕವನ್ನೂ ಸುಳ್ಳಾಗಿ ಬರೆದವನಲ್ಲ.

ನಾಲ್ಕೂವರೆಗೆ ಹಾಲ್ ತುಂಬಿತು. ಎಲ್ಲರ ಕೈಗೂ ಕಾಫಿ ಬಂತು. “ಕಾಫಿ ಯಾಕೆ ಇರ್ಮಾ ಹೀಗೆ ಉಗುರುಬೆಚ್ಚಗಿದೆ?” ಎಂದು ಯಾರೋ ಕೇಳಿದರು. “ಕೊಟ್ಟಿದ್ದು ಕುಡೀರಿ, ನನಗೂ ಗೊತ್ತಾಗ್ತಿಲ್ಲ,” ಎಂದಳು ಇರ್ಮಾ. ಅವಳು ದೀಪದ ಕೆಳಗೇ ಕುರ್ಚಿ ಹಾಕಿ, ಕೈ ಕಟ್ಟಿ ಕೂತಿದ್ದಳು.

ಓರೆಸ್ಟ್ ಸ್ವಿಚ್ಚು ಒತ್ತಿದ. ದೀಪ ಹೊತ್ತಿತು.

ಹಳದಿಯ ಒಳ್ಳೆಯ ಬೆಳಕು. ಜನ ಮೇಜು ಗುದ್ದಿದರು, ನೆಲ ತುಳಿದರು. ವೆಂಡೆಲ್ ಬಟಾಣಿ ಕಟ್ಟಿದ ಕಾಲಲ್ಲೇ ಒಂದು ಕುಣಿತ ಕುಣಿದು, ಆಮೇಲೆ ಒಂದೊಂದೇ ಹೆಸರು ಕರೆದು ಬಹುಮಾನ ಕೊಟ್ಟ. ದೀಪ ಉರಿಯುತ್ತಲೇ ಇತ್ತು. ಸ್ಟೆಫಾ ಅಂದು ಮೊದಲ ಸಲ ಗಂಡನ ಕಡೆ ನೋಡಿ ನಕ್ಕಳು. ಕೊನೆಯ ಬಹುಮಾನವೂ ಹೋಯಿತು. ಇರ್ಮಾ ಎದ್ದು ನಿಂತಳು.

“ನಾನು ಕೊಟ್ಟ ಮಾತಿಗೆ ತಪ್ಪಲ್ಲ. ಮೂಲೆ ಓರೆಸ್ಟಂದು. ಇವತ್ತು ಅವನನ್ನ ಕೊಂಚ ಅಂದಿದ್ದೆ, ಅದೂ ನನ್ನ ತಪ್ಪು.”

ಅವಳು ‘ನನ್ನ ತಪ್ಪು’ ಎಂದದ್ದೇ ಕೆಟ್ಟಿತು. ಓರೆಸ್ಟನ ಕಣ್ಣು ವೆಂಡೆಲನ ಮಂಡಿಯ ಮೇಲೆ ಬಿತ್ತು. ಬೆಳಿಗ್ಗೆ ಯಾರೂ ನೋಡದಿದ್ದಾಗ ಎತ್ತಿದ ಆ ಕೈ ನೆನಪಾಯಿತು. ಅವನದೇ ಕೈ ತನಗೆ ತಾನೇ ಮೇಲೆದ್ದಿತು.

“ಸುಟ್ಟ ಕಲ್ಲು,” ಎಂದ.

ಎಲ್ಲರೂ ತಿರುಗಿ ಅವನನ್ನೇ ನೋಡಿದರು.

“ಮುಳ್ಳು ಅರ್ಧಕ್ಕೇ ನಿಂತುಹೋಯ್ತು. ನಾನು ಹಿಂದುಗಡೆಯಿಂದ ಚಾರ್ಜರ್ ಹಾಕಿದೀನಿ. ಈ ದೀಪ ನಂದಲ್ಲ, ಗೋಡೆದು. ಇರ್ಮಾ, ಆರು ಗಂಟೆಗೆ ಫ್ರೀಜರ್ ತರಿಸು.”

ಯಾರಾದರೂ ಏನಾದರೂ ಅಂದುಬಿಟ್ಟಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಎಲ್ಲರೂ ತಮ್ಮ ತಣ್ಣನೆಯ ಕಾಫಿಯನ್ನು ಬಹಳ ಆಸಕ್ತಿಯಿಂದ ನೋಡಿದರು. ವೆಂಡೆಲ್ ಕುಂಟುತ್ತಾ ಹೋಗಿ, ಸತ್ತವರ ಕಣ್ಣು ಮುಚ್ಚಿಸುವ ಹಾಗೆ, ಸ್ವಿಚ್ಚನ್ನು ಮೆಲ್ಲಗೆ ಆರಿಸಿದ.

ಆರಕ್ಕೆ ಫ್ರೀಜರ್ ಬಂತು. ಓರೆಸ್ಟನ ಮೇಜನ್ನು ಅವನ ಟ್ರಕ್ಕಿಗೆ ಹೊತ್ತು ಹಾಕಲು ಕರೆಯದೇ ನಾಲ್ವರು ಬಂದರು. ಒಂದು ತಿರುಪೂ ಕೆಳಗೆ ಬೀಳದ ಹಾಗೆ ಡಬ್ಬಿಗಳಿಗೆ ತುಂಬಿದರು. ಅವರೆಲ್ಲ ಮೇಲೆ ಹೋದ ಮೇಲೆ ಕೋಣೆಯಲ್ಲಿ ಓರೆಸ್ಟ್, ಇರ್ಮಾ, ಲೈಲ್ ಉಳಿದರು. ಲೈಲ್ ಬಕೆಟ್ಟು ಸರಿಸಿ, ಚಾರ್ಜರಿನ ಪ್ಲಗ್ಗು ಕಿತ್ತು, ಅಲ್ಲಿ ಫ್ರೀಜರಿನದನ್ನು ಚುಚ್ಚಿದ. ಫ್ರೀಜರ್ ಉಸಿರೆತ್ತಲಿಲ್ಲ.

“ಕೆಟ್ಟಿದ್ದೇನೋ,” ಎಂದಳು ಇರ್ಮಾ.

“ಇದಲ್ಲ, ಗೋಡೇಲೇ ಕರೆಂಟಿಲ್ಲ,” ಎಂದು ಲೈಲ್ ಫ್ಯೂಸಿನ ಪೆಟ್ಟಿಗೆ ತೆರೆದ. “ನೋಡಿಲ್ಲಿ, ಸುಟ್ಟು ಕರಕಲಾಗಿದೆ. ಈ ತೂತಿಗೂ ನಿನ್ನ ಕಾಫಿ ಪಾತ್ರೆಗೂ ಒಂದೇ ಲೈನು ಇರ್ಮಾ. ಊಟದ ಹೊತ್ತಲ್ಲಿ ಮೂರು ಪಾತ್ರೆ ಒಟ್ಟಿಗೆ ಹಾಕಿದ್ಯಲ್ಲ, ಆಗ್ಲೇ ಹೋಗಿದೆ. ಅದಕ್ಕೇ ಕಾಫಿ ತಣ್ಣಗಿತ್ತು. ತಾಳು, ಗಾಡೀಲಿ ಬೇರೆ ಫ್ಯೂಸ್ ಇದೆ.” ಅವನು ಹೊರಗೆ ಹೋದ.

ಓರೆಸ್ಟ್ ಮತ್ತು ಇರ್ಮಾ ಒಬ್ಬರ ಮುಖ ಒಬ್ಬರು ನೋಡಿದರು.

“ಮಧ್ಯಾಹ್ನದಿಂದ ಇಲ್ಲಿ ಕರೆಂಟೇ ಇರ್ಲಿಲ್ಲ,” ಎಂದಳು ಇರ್ಮಾ, ಒಂದೊಂದೇ ಮಾತು ಬಿಡಿಸಿ. “ಹಾಗಾದ್ರೆ ನಿನ್ನ ಚಾರ್ಜರ್...”

ಓರೆಸ್ಟ್ ಆಗಲೇ ಗೋಡೆಯಾಚೆಗೆ ಓಡಿದ್ದ. ಪೈನ ತಟ್ಟೆ ಎತ್ತಿ, ಪೆಟ್ಟಿಗೆಯ ಮುಚ್ಚಳ ತೆಗೆದ. ಓರೆಯಾದ ತಟ್ಟೆಯಿಂದ ಹಣ್ಣಿನ ರಸ ಮುಚ್ಚಳದ ಸಂದಿಯಲ್ಲಿ ಇಳಿದು, ಚಳಿಗೆ ಹೆಪ್ಪುಗಟ್ಟಿ, ಮುಳ್ಳನ್ನು ಸರಿಯಾಗಿ ಅರ್ಧದಲ್ಲಿ ನೇರಳೆ ಗೋಂದಿನ ಹಾಗೆ ಹಿಡಿದುಕೊಂಡಿತ್ತು. ಅವನು ಉಗುರಿನಿಂದ ಅದನ್ನು ಕೆರೆದ. ಮುಳ್ಳು ಚಂಗನೆ ಬಿಡಿಸಿಕೊಂಡಿತು. ಅಷ್ಟು ಹೊತ್ತು ದೀಪ ಉರಿದ ಮೇಲೂ ಅದು ಹೋಗಿ ನಿಂತದ್ದು ಕೆಂಪು ಗೆರೆಯ ಹತ್ತಿರ.

“ಉರಿದಿದ್ದು ನಂದೇ ಇರ್ಮಾ! ಗುದ್ದಿನಿಂದ್ಲೇ! ಬರೀ ಗುದ್ದಿನಿಂದ!”

“ಹೋಗು ಮತ್ತೆ, ಹೇಳು ಎಲ್ರಿಗೂ!” ಇರ್ಮಾಳ ಕಣ್ಣೂ ತುಂಬಿತ್ತು. “ಫ್ರೀಜರ್ ಹಾಳಾಗ್ಲಿ, ಹೋಗೋ!”

ಓರೆಸ್ಟ್ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಬಂದ. ಬಾಗಿಲು ತೆಗೆದರೆ ಅರವತ್ತು ಮಂದಿಯೂ ಎದ್ದು ನಿಂತಿದ್ದರು. ನಡುವೆ ವೆಂಡೆಲ್. ಅವನ ಕೈಯಲ್ಲಿ ಗಾಜಿನ ಕಪಾಟಿನಿಂದ ಇಳಿಸಿ ಒರೆಸಿದ ಹಳೆಯ ಬೆಳ್ಳಿಯ ಕಪ್ಪು, ಪ್ರಾಮಾಣಿಕ ಆಟಗಾರನಿಗೆಂದು ಕ್ಲಬ್ಬು ಇಟ್ಟ ಬಹುಮಾನ. ಹದಿನಾಲ್ಕು ವರ್ಷದಿಂದ ಅದಕ್ಕೆ ತಕ್ಕವರು ಸಿಕ್ಕಿರಲಿಲ್ಲ.

“ಬಾರಯ್ಯಾ,” ಎಂದ ವೆಂಡೆಲ್. “ಆಟದಲ್ಲಿ ಕೈ ಎತ್ತೋದು ಸುಲಭ. ಅತ್ಯಂತ ಪ್ರೀತಿಯ ವಸ್ತು ಹೋಗುತ್ತೆ ಅಂತ ಗೊತ್ತಿದ್ದೂ, ಯಾರೂ ನೋಡ್ದೆ ಇದ್ದಾಗ ಎತ್ತೋದು ನನ್ ಕೈಲೂ ಆಗ್ತಿರ್ಲಿಲ್ಲ. ನಿನ್ನ ಪ್ರಾಮಾಣಿಕತೆಗೆ, ಕ್ಲಬ್ಬಿನ ಪರವಾಗಿ.”

“ಅಲ್ಲ ವೆಂಡೆಲ್, ಕೇಳಿಲ್ಲಿ. ನಾನು ಮೋಸ ಮಾಡ್ಲಿಲ್ಲ. ಮಾಡಿದೀನಿ ಅಂದ್ಕೊಂಡೆ ಅಷ್ಟೇ. ದೀಪ ತಾನಾಗೇ...”

“ಪಾಪ, ಇನ್ನೂ ನಾಚ್ಕೋತಾನೆ,” ಎಂದಳು ಹಿಂದಿನ ಸಾಲಿನ ಒಬ್ಬಾಕೆ.

“ಹೇಳಿದ್ದಾಯ್ತಲ್ಲೋ,” ಎಂದ ವೆಂಡೆಲ್ ಮೃದುವಾಗಿ. “ಒಂದ್ಸಲ ಕೈ ಎತ್ತಿದ ಮೇಲೆ ಮುಗೀತು. ನಾವ್ಯಾರೂ ಅದರ ಮಾತೇ ಎತ್ತಲ್ಲ.”

ಓರೆಸ್ಟ್ ಮತ್ತೆ ಬಾಯಿ ತೆರೆದ. ಆಗ ಸ್ಟೆಫಾ ಕಂಡಳು. ಎಂಟು ಅಂಕದಲ್ಲಿ ಸೋತು ದಿನವಿಡೀ ತಲೆ ತಗ್ಗಿಸಿ ಕೂತಿದ್ದ ಸ್ಟೆಫಾ ಈಗ ಎಲ್ಲರಿಗಿಂತ ಎತ್ತರವಾಗಿ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವಳು ಹೋಗಿರಲಿಲ್ಲ. “ನಮ್ಮನೆಯವನು,” ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. “ಮದುವೆಯಾಗಿ ನಲವತ್ತೊಂದು ವರ್ಷ ಆಯ್ತು ನಮಗೆ.”

ಓರೆಸ್ಟ್ ಬಾಯಿ ಮುಚ್ಚಿದ. ಕಪ್ಪು ತೆಗೆದುಕೊಂಡ. ಅದು ಕಲ್ಲಿನಷ್ಟೇ ಭಾರವಾಗಿತ್ತು.

ಕೆಳಗೆ ಬಂದಾಗ ಹೊಸ ಫ್ಯೂಸು ಬಿದ್ದು ಫ್ರೀಜರ್ ಗುಂಯ್ ಎನ್ನುತ್ತಿತ್ತು. ಇರ್ಮಾ ಅವನ ಕೈಯಲ್ಲಿದ್ದ ಕಪ್ಪನ್ನು ನೋಡಿದಳು, ಮುಖವನ್ನು ನೋಡಿದಳು, ಎಲ್ಲಾ ತಿಳಿದುಕೊಂಡಳು.

“ಹೇಳ್ಲಿಲ್ವಾ?”

“ಹೇಳಿದ್ರೆ ಇದನ್ನ ವಾಪಸ್ ಕೊಡ್ಬೇಕಲ್ಲ. ಸ್ಟೆಫಾ ಆಗ್ಲೇ ಕಿಟಕಿ ಹತ್ರ ಜಾಗ ಗೊತ್ತು ಮಾಡಿದಾಳೆ.”

ಪ್ರಾಮಾಣಿಕತೆಯ ಕಪ್ಪನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾದರೆ ಅವನು ಇನ್ನು ಬದುಕಿರುವವರೆಗೆ ಸುಳ್ಳು ಹೇಳಬೇಕಾಗಿತ್ತು.

ಇರ್ಮಾ ಫ್ರೀಜರಿನ ಬಾಗಿಲು ತೆಗೆದು, ಪೈಗಳನ್ನು ಒತ್ತರಿಸಿ, ಮೇಲಿನ ಅರೆಯಲ್ಲಿ ಒಂದು ಗೇಣು ಜಾಗ ಮಾಡಿದಳು. “ಆಯಸ್ಕಾಂತಗಳನ್ನ ಬಿಚ್ಚಿ ತಂದು ಇಲ್ಲಿಡು,” ಎಂದಳು. “ಟ್ರಕ್ಕಲ್ಲಿ ಕಳೆದುಹೋಗ್ತವೆ.” ಅವನು ಇಟ್ಟ. ಅವಳು ಬಾಗಿಲು ಮುಚ್ಚಿ, ಹಲಗೆಯಿಂದ ಲೈಲ್ ಬರೆದ ಚೀಟಿಯನ್ನು ನಾಲ್ಕೂ ಮೂಲೆ ಹರಿಯದ ಹಾಗೆ ಬಿಡಿಸಿ ತಂದು ಫ್ರೀಜರಿನ ಎದೆಗೆ ಅಂಟಿಸಿದಳು:

‘ದಯವಿಟ್ಟು ಜೋಪಾನ, ಸೂಕ್ಷ್ಮ ಯಂತ್ರವಿದೆ.’

ಆ ಫ್ರೀಜರಿಗೆ ಈವರೆಗೂ ಯಾರ ಮೊಣಕೈಯೂ ತಾಗಿಲ್ಲ.